ಅಂಕ ಕೊಡದ ಸ್ಲ್ಯಾಮ್

ಮಳೆ ನೋಡೋಕೆ ಅಂತ ಬೆಂಗಳೂರಿನಿಂದ ನಮ್ಮ ಕಡೆಗೆ ಬರುವ ಗೆಳೆಯರಲ್ಲಿ ಒಂದಿಬ್ಬರು ಸ್ಲ್ಯಾಮ್ ಕವಿಗಳು. ವಾರವೆಲ್ಲ ಆಫೀಸು, ಶನಿವಾರ ಸಂಜೆ ಯಾವುದೋ ಕೆಫೆಯಲ್ಲಿ ಮೈಕಿನ ಮುಂದೆ ಮೂರು ನಿಮಿಷ. "ಮೂಡಿಗೆರೆ, ಕಳಸದ ಕಡೆ ಇಂಥದ್ದೆಲ್ಲ ಇಲ್ಲ ಅಲ್ವಾ?" ಅಂತ ಕೇಳ್ತಾರೆ. ಇದೆ ಮಾರಾಯ್ರೆ. ಅದೂ ನಿಮ್ಮದಕ್ಕಿಂತ ಎಷ್ಟೋ ಹಳೆಯದು. ಅದರ ಹೆಸರು ತಾಳಮದ್ದಳೆ.

ಮೊದಲು ನಿಮ್ಮ ಸ್ಲ್ಯಾಮ್ ಕತೆಯನ್ನೇ ನೋಡೋಣ. ಶಿಕಾಗೋದಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದ ಮಾರ್ಕ್ ಸ್ಮಿತ್ ಎಂಬ ಕವಿಗೆ ಪ್ರೊಫೆಸರುಗಳ ಕವಿತಾವಾಚನ ಸಪ್ಪೆ ಅನ್ನಿಸಿತ್ತು. 1984ರಲ್ಲಿ ಒಂದು ಬಾರಿನಲ್ಲಿ ಬೇರೆ ಥರದ ವಾಚನ ಶುರುಮಾಡಿದರು. 1986ರಲ್ಲಿ ಅದು ಗ್ರೀನ್ ಮಿಲ್ ಎಂಬ ಜಾಝ್ ಕ್ಲಬ್ಬಿಗೆ ಬಂದು ಸ್ಪರ್ಧೆಯ ರೂಪ ಪಡೆಯಿತು. 1990ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲ ರಾಷ್ಟ್ರೀಯ ಸ್ಲ್ಯಾಮ್ ನಡೆಯಿತು. ನಿಯಮಗಳು ಸರಳ: ಕವಿತೆ ನಿಮ್ಮದೇ ಆಗಿರಬೇಕು, ವೇಷ ಇಲ್ಲ, ವಾದ್ಯ ಇಲ್ಲ, ಮೂರು ನಿಮಿಷ. ಪ್ರೇಕ್ಷಕರಲ್ಲೇ ಐದು ಜನ ತೀರ್ಪುಗಾರರು. ಸೊನ್ನೆಯಿಂದ ಹತ್ತರವರೆಗೆ ಅಂಕ.

ಈಗ ಘಟ್ಟಕ್ಕೆ ಬನ್ನಿ. ತಾಳಮದ್ದಳೆ ಅಂದರೆ ವೇಷ, ಕುಣಿತ ಎರಡನ್ನೂ ತೆಗೆದಿಟ್ಟ ಯಕ್ಷಗಾನ. ಭಾಗವತರು ಪ್ರಸಂಗದ ಒಂದು ಪದ್ಯ ಹಾಡುತ್ತಾರೆ. ಎದುರುಬದುರು ಕೂತ ಅರ್ಥಧಾರಿಗಳಲ್ಲಿ ಒಬ್ಬರು ಆ ಪಾತ್ರವಾಗಿ ಮಾತಿಗಿಳಿಯುತ್ತಾರೆ. ನಾಲ್ಕು ಸಾಲಿನ ಪದ್ಯಕ್ಕೆ ಅರ್ಧ ಗಂಟೆ ಮಾತಾದರೂ ಆಶ್ಚರ್ಯವಿಲ್ಲ. ಪದ್ಯ ಅಚ್ಚಾದದ್ದು, ಮಾತು ಮಾತ್ರ ಆ ಕ್ಷಣದ್ದು, ಬರೆದುಕೊಂಡು ಬಂದದ್ದಲ್ಲ. ಬರೆದು ತಂದರೂ ಉಪಯೋಗವಿಲ್ಲ. ಎದುರಿನವರು ಏನು ಹೇಳುತ್ತಾರೆ ಅಂತ ಗೊತ್ತಿಲ್ಲವಲ್ಲ! ಮಾತು ಲಂಬಿಸಿತು ಅನ್ನಿಸಿದರೆ ಭಾಗವತರು ಮುಂದಿನ ಪದ್ಯ ಎತ್ತಿಬಿಡುತ್ತಾರೆ. ಸ್ಲ್ಯಾಮ್‌ನ ಸ್ಟಾಪ್‌ವಾಚ್ ಕೆಲಸ ಇಲ್ಲಿ ಜಾಗಟೆಯದ್ದು.

ಇದು ಎಷ್ಟು ಹಳೆಯದು? ಬಳ್ಳಾರಿ ಸೀಮೆಯ ಕುರುಗೋಡಿನ 1556ರ ಶಾಸನವೊಂದು ದೇವಸ್ಥಾನದಲ್ಲಿ ತಾಳಮದ್ದಳೆ ನಡೆಸುವವರಿಗೆ ಭೂಮಿ ಕೊಟ್ಟ ವಿಷಯ ಹೇಳುತ್ತದೆ. ಘಟ್ಟದ ಕೆಳಗೂ ಮೇಲೂ ಈ ಕಲೆ ಹಬ್ಬಿದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ಭೈರರಸರ ರಾಜ್ಯದ ಹೆಸರೇ ಕಳಸ-ಕಾರ್ಕಳ. ಮೇಲೊಂದು ಕಾಲು, ಕೆಳಗೊಂದು ಕಾಲು. ಆಮೇಲೆ ಹತ್ತೊಂಬತ್ತನೇ ಶತಮಾನದಲ್ಲಿ ಕಾಫಿ ತೋಟಗಳು ಬೆಳೆದ ಹಾಗೆ ಕೆಳಗಿನಿಂದ ಕೂಲಿಯವರೂ ಬಂದರು, ತುಳು ಮಾತೂ ಬಂತು, ಕತೆಗಳೂ ಬಂದವು.

ಕಾಲವೂ ಹೊಂದಿಕೊಂಡಿತು. ಯಕ್ಷಗಾನ ಮೇಳಗಳ ತಿರುಗಾಟ ಮೇ ಕೊನೆಯ ಹೊತ್ತಿಗೆ, ಪತ್ತನಾಜೆಗೆ ಮುಗಿಯುತ್ತದೆ. ಗೆಜ್ಜೆ ಬಿಚ್ಚಿದ ಕಲಾವಿದರಿಗೆ ಮಳೆಗಾಲ ಖಾಲಿ. ಕಾಫಿ ಕೊಯ್ಲು ಶುರುವಾಗುವುದು ನವೆಂಬರಿನ ಹೊತ್ತಿಗೆ, ಹಾಗಾಗಿ ತೋಟದ ಮನೆಯವರಿಗೂ ಮಳೆಗಾಲದ ರಾತ್ರಿ ಉದ್ದ. ಹೊರಗೆ ಮಳೆ ಹೊಯ್ಯುವಾಗ ಜಗಲಿಯಲ್ಲಿ ಗ್ಯಾಸ್‌ಲೈಟು ಹಚ್ಚಿ ಕೂತರೆ ಆಯಿತು. ರಂಗಸ್ಥಳ ಬೇಡ, ಚಪ್ಪರ ಬೇಡ.

ಪ್ರಸಂಗಗಳಲ್ಲಿ ಒಂದಕ್ಕಂತೂ ನಮ್ಮ ಜಿಲ್ಲೆಯ ನಂಟಿದೆ. ಜೈಮಿನಿ ಭಾರತ ಬರೆದ ಲಕ್ಷ್ಮೀಶ ಕಡೂರು ತಾಲ್ಲೂಕಿನ ದೇವನೂರಿನವನು. ಸುಧನ್ವನ ಕತೆ ಕನ್ನಡಿಗರ ಬಾಯಿಗೆ ಬಂದದ್ದು ಆ ಕಾವ್ಯದಿಂದ. ಹೆಂಡತಿಯ ಮಾತಿಗೆ ಓಗೊಟ್ಟು ಯುದ್ಧಕ್ಕೆ ತಡವಾಗಿ ಹೋದವನು ಸುಧನ್ವ. ಅಪ್ಪ ಅವನನ್ನು ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಹಾಕಿಸುತ್ತಾನೆ. ಅವನು ಸಾಯುವುದಿಲ್ಲ. ಮೂರು ಬಾಣದಲ್ಲಿ ನಿನ್ನ ತಲೆ ತೆಗೆಯುತ್ತೇನೆ ಅಂತ ಅರ್ಜುನ, ಮೂರನ್ನೂ ಕತ್ತರಿಸುತ್ತೇನೆ ಅಂತ ಸುಧನ್ವ. ಕೊನೆಗೆ ಇಬ್ಬರ ಮಾತೂ ಉಳಿಯುತ್ತದೆ, ಸುಧನ್ವನ ತಲೆ ಉಳಿಯುವುದಿಲ್ಲ.

ಇದನ್ನು ತಾಳಮದ್ದಳೆಯಲ್ಲಿ ಕೇಳಬೇಕು ನೀವು. ಯಾರು ಸಾಯುತ್ತಾರೆ ಅಂತ ಎಲ್ಲರಿಗೂ ಗೊತ್ತು. ಆದರೂ ಸಾಯುವ ಸುಧನ್ವ ವಾದದಲ್ಲಿ ಅರ್ಜುನನನ್ನು, ಒಮ್ಮೊಮ್ಮೆ ಕೃಷ್ಣನನ್ನೂ ಕಟ್ಟಿಹಾಕಬಹುದು. ಕತೆಯಲ್ಲಿ ಸೋತವನು ಮಾತಿನಲ್ಲಿ ಗೆಲ್ಲುವುದಕ್ಕೆ ಇಲ್ಲಿ ಜಾಗವಿದೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918-2006) ವಾಲಿಯನ್ನೂ ರಾವಣನನ್ನೂ ಜನ ಇವತ್ತಿಗೂ ನೆನೆಯುವುದು ಅದಕ್ಕೇ. ಅವರು ಕೂತರೆ ಎದುರಿನ ರಾಮನಿಗೆ ಬಾಣಕ್ಕಿಂತ ಉತ್ತರ ಬೇಕಾಗುತ್ತಿತ್ತು.

ಸ್ಲ್ಯಾಮ್‌ನಲ್ಲಿ ನಾನು ನನ್ನ ನೋವು ಹೇಳುತ್ತೇನೆ, ನೀನು ನಿನ್ನದು ಹೇಳುತ್ತೀಯ. ನನ್ನ ಮಾತಿಗೆ ನೀನು ಉತ್ತರ ಕೊಡಬೇಕಿಲ್ಲ. ತಾಳಮದ್ದಳೆಯಲ್ಲಿ ಎದುರಿನವನ ಮಾತನ್ನು ಪೂರ್ತಿ ಕೇಳದೆ ಬಾಯಿ ಬಿಡುವ ಹಾಗಿಲ್ಲ. ಮೇಲಾಗಿ ಇವತ್ತು ಧರ್ಮರಾಯನಾದವರು ನಾಳೆ ಕೌರವನ ಪಕ್ಷ ಹಿಡಿದು ಅಷ್ಟೇ ನಿಷ್ಠೆಯಿಂದ ವಾದಿಸಬೇಕು. ಒಪ್ಪದ ಪಕ್ಷದ ಒಳಗೆ ಹೊಕ್ಕು ಅದರ ನ್ಯಾಯ ಹುಡುಕುವ ಈ ಅಭ್ಯಾಸ ನಮ್ಮ ಟೈಮ್‌ಲೈನುಗಳಲ್ಲಿ ಎಲ್ಲಿದೆ ಹೇಳಿ? ಅಂಕವೂ ಇಲ್ಲ. ತೀರ್ಪು ಏನಿದ್ದರೂ ಬೆಳಿಗ್ಗೆ, ಕಾಫಿ ಕುಡಿಯುವಾಗ.

ಹಾಗಂತ ಹಳೆಯದೆಲ್ಲ ಚಿನ್ನ ಅಂತ ಹಾಡಿಹೊಗಳಲು ನನಗೆ ಮನಸ್ಸಿಲ್ಲ. ಜಗಲಿಯ ಮೇಲೆ ಯಾರು ಕೂರಬಹುದಿತ್ತು ಅನ್ನುವ ಪ್ರಶ್ನೆ ಇದೆಯಲ್ಲ. ಮನೆಯ ಯಜಮಾನರು, ನೆಂಟರು ಮೇಲೆ. ಆಳುಗಳು ಅಂಗಳದಲ್ಲಿ ಅಥವಾ ಅದರಾಚೆ. ಹೆಂಗಸರು ಬಾಗಿಲ ಹಿಂದೆ, ನಡುರಾತ್ರಿಯ ಕಾಫಿ ಕಾಸುತ್ತಾ. ಪುರಾಣ ಓದಿದವರಿಗೆ ಮಾತಿನ ಹಕ್ಕು, ಓದಿಗೆ ಜಾತಿಯ ಬಾಗಿಲು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ನಿಜ. ಮನೆಮಾತು ಮಲಯಾಳವಾಗಿದ್ದ, ಶಾಲೆಯ ಓದು ಹೆಚ್ಚಿಲ್ಲದ ಕುಂಬಳೆ ಸುಂದರ ರಾವ್ ಕನ್ನಡದ ದೊಡ್ಡ ಅರ್ಥಧಾರಿಯಾದರು. 1994ರಲ್ಲಿ ಸುರತ್ಕಲ್‌ನಿಂದ ಶಾಸಕರೂ ಆದರು. ಲೀಲಾವತಿ ಬೈಪಾಡಿತ್ತಾಯರು ಗಂಡಸರದ್ದೇ ಆಗಿದ್ದ ಭಾಗವತರ ಪೀಠದಲ್ಲಿ ಕೂತು ಹಾಡಿದರು. ಆದರೆ ಇಂಥ ಹೆಸರುಗಳನ್ನು ಎಣಿಸಿ ಹೇಳಬೇಕಾಗಿದೆ ಅನ್ನುವುದೇ ಉತ್ತರ.

ಲೈನು ಮನೆಗಳಲ್ಲಿ ಮಾತು ಇರಲಿಲ್ಲ ಅಂತಲ್ಲ. ಚಾರ್ಮಾಡಿ ಘಾಟಿ ಇಳಿದರೆ ಸಿಗುವ ಬೆಳ್ತಂಗಡಿ ತಾಲ್ಲೂಕಿನ ರೈತ ಗೋಪಾಲ ನಾಯ್ಕರು ಓದುಬರಹ ಕಲಿತವರಲ್ಲ. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ಮತ್ತು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ಮುಂದೆ ಅವರು ತುಳುವಿನಲ್ಲಿ ಸಿರಿಯ ಕತೆ ಹಾಡಿದರು. 1998ರಲ್ಲಿ ಅದು ಅಚ್ಚಾದಾಗ ಸಾಲುಗಳ ಲೆಕ್ಕ 15,683. ಗದ್ದೆ ನಾಟಿಯಲ್ಲಿ ಹೆಂಗಸರು ಹಾಡುವ ಪಾಡ್ದನಗಳಲ್ಲೂ ಇಂಥ ಕತೆಗಳಿವೆ. ಅನ್ಯಾಯ ಮಾಡಿದ ಗಂಡನನ್ನು ಬಿಟ್ಟು ಹೊರಟ ಸಿರಿಯ ಮಾತು ಯಾವ ಸ್ಲ್ಯಾಮ್ ವೇದಿಕೆಗೂ ಕಡಿಮೆಯದ್ದಲ್ಲ. ಆದರೆ ಜಗಲಿಯ ವಾದಕ್ಕೆ ಅವಳನ್ನು ಕರೆದವರು ಯಾರು?

ಇಲ್ಲೇ ಸ್ಲ್ಯಾಮ್ ನನಗೆ ಇಷ್ಟವಾಗುವುದು. ಹೆಸರು ಕೊಟ್ಟವರಿಗೆಲ್ಲ ಅಲ್ಲಿ ಮೈಕು ಸಿಗುತ್ತದೆ. ಯಾವ ಮನೆ, ಯಾರ ಮಗಳು ಅಂತ ಕೇಳುವುದಿಲ್ಲ. ನಮ್ಮ ಜಗಲಿಗೆ ಆ ಗುಣ ಇರಲಿಲ್ಲ. ಎದುರಿನವನಿಗೆ ಉತ್ತರ ಕೊಡುವ ಜಗಲಿಯ ಗುಣ ಸ್ಲ್ಯಾಮ್‌ಗೆ ಇನ್ನೂ ಬಂದಿಲ್ಲ.

ಈಗ ಆ ದೊಡ್ಡ ಮನೆಗಳಲ್ಲಿ ಎಷ್ಟೋ ಹೋಮ್‌ಸ್ಟೇಗಳಾಗಿವೆ. ಜಗಲಿಯಲ್ಲಿ ಕೇನ್ ಕುರ್ಚಿ, ಗೋಡೆಯಲ್ಲಿ ವೈಫೈ ಪಾಸ್‌ವರ್ಡ್. ತಾಳಮದ್ದಳೆ ನಿಂತಿಲ್ಲ, ಆದರೆ ಕೂತು ಕೇಳುವವರ ತಲೆ ನೆರೆತಿದೆ. ಅವರ ಮಕ್ಕಳು ನಮ್ಮ ಹಾಗೆ ಬೆಂಗಳೂರಿನಲ್ಲಿದ್ದಾರೆ. ಕ್ಯಾಸೆಟ್ ಬರುವುದಕ್ಕೆ ಮುಂಚಿನ ಅಷ್ಟೂ ರಾತ್ರಿಗಳ ಮಾತು ಮಳೆಯ ಜೊತೆಗೇ ಹರಿದುಹೋಗಿದೆ. ಯೂಟ್ಯೂಬಿನಲ್ಲಿ ಉಳಿದದ್ದನ್ನಾದರೂ ಒಂದು ರಾತ್ರಿ ಕೂತು ಕೇಳಿ. ಆಮೇಲೆ ನಿಮ್ಮ ಮುಂದಿನ ಸ್ಲ್ಯಾಮ್‌ನಲ್ಲಿ ಒಂದು ಸುತ್ತು ಹೀಗೆ ಇಡಿ: ಇಬ್ಬರು ಎದುರುಬದುರು, ಒಬ್ಬರು ಸಿರಿ, ಒಬ್ಬರು ಅವಳ ಗಂಡ. ಅಂಕ ಬೇಡ. ಯಾರು ಯಾರಾಗಬೇಕು ಅಂತ ಚೀಟಿ ಎತ್ತಿ ನಿರ್ಧಾರ ಮಾಡಿ.