ಚೊಚ್ಚಲು ಹೆರಿಗೆಯ ಮೊದಲ ಘಟ್ಟ: ಕಾಯುವಿಕೆಯ ಇತಿಹಾಸ

ಹೆರಿಗೆಯ ಇತಿಹಾಸವನ್ನು ಬರೆದ ವಿದ್ವಾಂಸರು ಸಾಮಾನ್ಯವಾಗಿ ಅದರ ಕೊನೆಯ ಗಳಿಗೆಗೇ ಹೆಚ್ಚಿನ ಗಮನವನ್ನು ಕೊಟ್ಟಿದ್ದಾರೆ. ಇಕ್ಕಳ, ಅರಿವಳಿಕೆ, ಶಸ್ತ್ರಕ್ರಿಯೆ, ಬಾಣಂತಿಯ ಜ್ವರ ಇವುಗಳನ್ನು ಕುರಿತು ಗ್ರಂಥಗಳು ಹೇರಳವಾಗಿವೆ. ಆದರೆ ಚೊಚ್ಚಲು ಬಸುರಿಯು ಮೊದಲ ನೋವನ್ನು ಕಂಡು, ಇದು ನಿಜವಾದ ಬೇನೆಯೋ ಹುಸಿನೋವೋ ಎಂದು ತಿಳಿಯದೆ ಕಳೆಯುವ ದೀರ್ಘವಾದ ಹೊತ್ತಿಗೂ ಒಂದು ಇತಿಹಾಸವುಂಟು. ಬೇನೆ ಮೊದಲಾಯಿತೆಂದು ನಿರ್ಣಯಿಸುವವರು ಯಾರು? ಮೊದಲಾದ ಮೇಲೆ ಕಾಯಬೇಕೋ, ಅವಸರಪಡಿಸಬೇಕೋ? ಈ ಎರಡು ಪ್ರಶ್ನೆಗಳಿಗೆ ಬೇರೆಬೇರೆ ಕಾಲಗಳು ಕೊಟ್ಟ ಉತ್ತರಗಳನ್ನು ಇಲ್ಲಿ ಸ್ಥೂಲವಾಗಿ ವಿವೇಚಿಸಲು ಯತ್ನಿಸುತ್ತೇವೆ.

ಮೊದಲು ವಿಷಯದ ಸ್ವರೂಪವನ್ನು ತಿಳಿಯುವುದು ಅಗತ್ಯ. ಚೊಚ್ಚಲು ಹೆರಿಗೆಯಲ್ಲಿ ಗರ್ಭದ್ವಾರವು ಬಹುಮಟ್ಟಿಗೆ ಮೊದಲು ತೆಳುವಾಗಿ, ಅನಂತರ ತೆರೆಯುತ್ತದೆ. ಮುಂದಿನ ಹೆರಿಗೆಗಳಲ್ಲಿ ಈ ಎರಡೂ ಸಾಮಾನ್ಯವಾಗಿ ಒಟ್ಟಿಗೇ ಸಾಗುತ್ತವೆ. ಆದಕಾರಣ ಮೊದಲ ಬಾರಿಗೆ ಹೆರುವವಳು ನೋವನ್ನು ಅನುಭವಿಸುತ್ತಿದ್ದರೂ ಹೊರಗಿನಿಂದ ನೋಡುವವರಿಗೆ ಬಹಳ ಹೊತ್ತು ಏನೂ ನಡೆಯದಂತೆ ತೋರಬಹುದು. ನೋವು ಬಂದು ಹೋಗುತ್ತದೆ. ಕೆಲವೊಮ್ಮೆ ನಿಂತೇ ಹೋಗುತ್ತದೆ. ಆ ಹೆಣ್ಣಿಗೆ ಹೋಲಿಸಿಕೊಳ್ಳಲು ಹಿಂದಿನ ಅನುಭವವೂ ಇಲ್ಲ. ಸುತ್ತಲಿನವರ ಮಾತೇ ಅವಳಿಗೆ ಆಧಾರ.

ಭಾರತೀಯ ವೈದ್ಯಗ್ರಂಥಗಳಲ್ಲಿ ಚರಕಸಂಹಿತೆಯ ಶಾರೀರಸ್ಥಾನದ 8ನೆಯ ಅಧ್ಯಾಯವು ಈ ಘಟ್ಟವನ್ನು ಸೂಕ್ಷ್ಮವಾಗಿ ಗಮನಿಸಿದೆ. ಒಂಬತ್ತನೆಯ ತಿಂಗಳಿಗೆ ಮೊದಲೇ ಸೂತಿಕಾಗಾರವನ್ನು ಸಿದ್ಧಪಡಿಸಬೇಕು. ಹಲವು ಸಲ ಹೆತ್ತವರೂ ಸ್ನೇಹಶೀಲರೂ ಕಷ್ಟಸಹಿಷ್ಣುಗಳೂ ಆದ ಹೆಂಗಸರು ಬಳಿಯಲ್ಲಿರಬೇಕು ಎಂದು ಅದು ವಿಧಿಸುತ್ತದೆ. ಮೈಯ ಬಳಲಿಕೆ, ಕಣ್ಣುಗಳ ಸಡಿಲಿಕೆ, ಹೊಟ್ಟೆ ಕೆಳಗಿಳಿಯುವಿಕೆ, ಸೊಂಟ ಬೆನ್ನುಗಳ ನೋವು, ಊಟದಲ್ಲಿ ಅರುಚಿ ಮುಂತಾದುವನ್ನು ಸಮೀಪಿಸಿದ ಹೆರಿಗೆಯ ಲಕ್ಷಣಗಳೆಂದು ಎಣಿಸುತ್ತದೆ. ಇಂಥ ಲಕ್ಷಣಗಳನ್ನೇ ಹೇಳುವಾಗ ವಾಗ್ಭಟನು ಅಷ್ಟಾಂಗಹೃದಯದಲ್ಲಿ ‘ಅದ್ಯಶ್ವಃ’ ಎಂಬ ಮಾತನ್ನು ಬಳಸಿರುವನು. ಇಂದೋ ನಾಳೆಯೋ ಎಂದು ಅದರ ಅರ್ಥ. ಗಳಿಗೆಯನ್ನು ಖಚಿತವಾಗಿ ಹೇಳಲಾಗದೆಂಬ ಅರಿವು ಆ ಮಾತಿನಲ್ಲಿಯೇ ಅಡಗಿದೆ.

ಚರಕಸಂಹಿತೆಯ ಅದೇ ಅಧ್ಯಾಯದಲ್ಲಿ ಒಂದು ವಾದವೂ ದಾಖಲಾಗಿದೆ. ಬೇನೆ ತೊಡಗಿಯೂ ಹೆರಿಗೆಯಾಗದಿದ್ದರೆ ಅವಳ ಕೈಗೆ ಒನಕೆಯನ್ನು ಕೊಟ್ಟು, ಧಾನ್ಯ ತುಂಬಿದ ಒರಳಿನಲ್ಲಿ ಕುಟ್ಟಿಸಬೇಕೆಂದು ಕೆಲವರು ಹೇಳುತ್ತಿದ್ದರು. ಆತ್ರೇಯನು ಇದನ್ನು ಒಪ್ಪಲಿಲ್ಲ. ಬಸುರಿಗೆ ಉಗ್ರವಾದ ಶ್ರಮ ಎಂದಿಗೂ ಸಲ್ಲದು. ದೇಹವೆಲ್ಲ ಕದಡಿರುವ ಹೆರಿಗೆಯ ಹೊತ್ತಿನಲ್ಲಂತೂ ಅದು ಪ್ರಾಣಕ್ಕೇ ಅಪಾಯ. ಆಕಳಿಸುವುದೂ ನಡೆದಾಡುವುದೂ ಸಾಕು ಎಂಬುದು ಅವನ ನಿರ್ಣಯ. ಬೇನೆ ಬಾರದೆ ಮುಕ್ಕುವುದು ವ್ಯರ್ಥವೆಂದೂ ಮಗುವಿಗೆ ಕೇಡೆಂದೂ ಅಲ್ಲಿಯೇ ಎಚ್ಚರಿಕೆಯುಂಟು. ಅವಸರಪಡಿಸುವವರ ಪಕ್ಷವೂ ಕಾಯುವವರ ಪಕ್ಷವೂ ಎಷ್ಟು ಪ್ರಾಚೀನವೆಂಬುದು ಇದರಿಂದ ವಿದಿತವಾಗುತ್ತದೆ.

ಕನ್ನಡ ನಾಡಿನಲ್ಲಿ ಈ ಕಾಯುವಿಕೆಯ ಸ್ಥಳವು ಬಹುಕಾಲ ತವರುಮನೆಯಾಗಿತ್ತು. ಅದನ್ನು ನಡೆಸಿಕೊಡುವವಳು ಸೂಲಗಿತ್ತಿ. ಆಕೆಯ ವಿದ್ಯೆ ಲಿಖಿತವಾದುದಲ್ಲ. ಪಾವಗಡದ ಸೀಮೆಯಲ್ಲಿ ಸಾವಿರಾರು ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದು, ಅದೇ ವರ್ಷ ತೀರಿಕೊಂಡ ಸೂಲಗಿತ್ತಿ ನರಸಮ್ಮನವರು ಆ ಪರಂಪರೆಗೆ ಸೇರಿದವರು. ಆದರೆ ಆ ಕಾಲವನ್ನು ಬರಿಯ ಮೆಚ್ಚುಗೆಯಿಂದ ನೆನೆಯುವುದು ಇತಿಹಾಸಕಾರನಿಗೆ ತಕ್ಕುದಲ್ಲ. ಮಗು ಅಡ್ಡವಾಗಿ ನಿಂತಾಗ, ದಾರಿ ಕಿರಿದಾದಾಗ ಎಷ್ಟು ಕಾದರೂ ಫಲವಿರಲಿಲ್ಲ. ಕಾಯುತ್ತ ಕಾಯುತ್ತಲೇ ತಾಯಂದಿರು ಸತ್ತಿದ್ದಾರೆ. ಬೆಂಗಳೂರಿನಲ್ಲಿ 1935ರಲ್ಲಿ ಆರಂಭವಾದ ವಾಣಿವಿಲಾಸ ಆಸ್ಪತ್ರೆಯಂಥ ಸಂಸ್ಥೆಗಳು ಹುಟ್ಟಿಕೊಂಡುದರ ಅರ್ಥವನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು. ಆಸ್ಪತ್ರೆ ಬಂದ ಮೇಲೆ ಹೊಸದೊಂದು ಪ್ರಶ್ನೆಯೂ ಬಂದಿತು: ಯಾವಾಗ ಹೊರಡಬೇಕು?

ಈ ಪ್ರಶ್ನೆಗೆ ಅಳತೆಯಿಂದ ಉತ್ತರ ಹುಡುಕಿದವರಲ್ಲಿ ಎಮಾನ್ಯುಯೆಲ್ ಫ್ರೀಡ್‌ಮನ್ ಪ್ರಮುಖರು. ನ್ಯೂಯಾರ್ಕಿನಲ್ಲಿ ವೈದ್ಯರಾಗಿದ್ದ ಅವರು ಗರ್ಭದ್ವಾರ ತೆರೆಯುವ ಪ್ರಮಾಣವನ್ನು ಕಾಲದೊಡನೆ ಹೊಂದಿಸಿ ರೇಖಾಚಿತ್ರ ಬರೆದರು. 1955ರಲ್ಲಿ 500 ಚೊಚ್ಚಲು ಹೆರಿಗೆಗಳ ವಿವರವನ್ನು ಪ್ರಕಟಿಸಿದರು. ರೇಖೆಯು ಬಹಳ ಹೊತ್ತು ಹೆಚ್ಚುಕಡಿಮೆ ಸಮತಲವಾಗಿ ಸಾಗಿ, ಆಮೇಲೆ ಕಡಿದಾಗಿ ಏರುತ್ತಿತ್ತು. ಮೊದಲಿನದು ಸುಪ್ತಾವಸ್ಥೆ, ಎರಡನೆಯದು ಸಕ್ರಿಯಾವಸ್ಥೆ. ಸುಪ್ತಾವಸ್ಥೆಯ ಸರಾಸರಿ ಅವಧಿ 8.6 ಗಂಟೆಗಳು; ಚೊಚ್ಚಲಿನಲ್ಲಿ ಅದು ಸುಮಾರು 20 ಗಂಟೆಗಳನ್ನು ಮೀರಿದರೆ ಮಾತ್ರ ದೀರ್ಘವೆಂದು ಅವರು ಪರಿಗಣಿಸಿದರು. ಆಗಲೂ ಅವರು ಮುಖ್ಯವಾಗಿ ಸೂಚಿಸಿದುದು ಔಷಧದ ನೆರವಿನಿಂದ ವಿಶ್ರಾಂತಿಯನ್ನು. ನಿದ್ರೆಯಿಂದೆದ್ದ ಬಹುಪಾಲು ಹೆಂಗಸರಿಗೆ ಬೇನೆ ಬಲಗೊಂಡಿರುತ್ತಿತ್ತು. ಕೆಲವರಿಗೆ ಬಂದಿದ್ದುದು ಹುಸಿನೋವೆಂದು ತಿಳಿದುಬರುತ್ತಿತ್ತು. ನಡೆಯದಂತೆ ತೋರುವ ಹೊತ್ತೂ ಹೆರಿಗೆಯ ಭಾಗವೇ ಎಂಬುದಕ್ಕೆ ಹೀಗೆ ಅಂಕಿಗಳ ಆಧಾರ ದೊರೆಯಿತು.

ಆದರೆ ಅಳತೆಗೆ ಇಬ್ಬಗೆಯ ಶಕ್ತಿಯುಂಟು. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಕೀರನ್ ಓಡ್ರಿಸ್ಕಾಲ್ ಎಂಬ ವೈದ್ಯರು 1960ರ ದಶಕದಿಂದ ಚೊಚ್ಚಲು ಹೆರಿಗೆಗೆ ಗಡುವನ್ನು ವಿಧಿಸಿದರು. ಮೊದಲು 24 ಗಂಟೆಗಳು, ಬಳಿಕ 12. ಬೇನೆ ಮೊದಲಾಯಿತೆಂಬ ನಿರ್ಣಯ ಕಟ್ಟುನಿಟ್ಟಾಗಿರಬೇಕೆಂದೂ, ಪ್ರತಿಯೊಬ್ಬಳ ಬಳಿಯೂ ಒಬ್ಬ ದಾದಿ ಸದಾ ಇರಬೇಕೆಂದೂ ಅವರು ಒತ್ತಿ ಹೇಳಿದ್ದರು. ಆ ಪದ್ಧತಿಯಿಂದ ಬೇನೆಯನ್ನು ಚುರುಕುಗೊಳಿಸುವ ಔಷಧವನ್ನು ಮಾತ್ರ ಎತ್ತಿಕೊಂಡು, ನಿರ್ಣಯವನ್ನೂ ದಾದಿಯ ಸಂಗವನ್ನೂ ಬಿಟ್ಟರೆ ಉಳಿಯುವುದು ಅವಸರ ಮಾತ್ರ. ಒನಕೆಯು ಬೇರೊಂದು ವೇಷದಲ್ಲಿ ಮರಳಿತೆಂದೇ ಆಗ ಹೇಳಬೇಕಾಗುತ್ತದೆ.

1972ರಲ್ಲಿ ಫಿಲ್‌ಪಾಟ್ ಮತ್ತು ಕ್ಯಾಸಲ್ ಎಂಬವರು ಇಂದಿನ ಜಿಂಬಾಬ್ವೆಯಲ್ಲಿ ಫ್ರೀಡ್‌ಮನ್ನರ ಚಿತ್ರಕ್ಕೆ ಎಚ್ಚರಿಕೆಯ ಗೆರೆಯನ್ನೂ, ಅದಕ್ಕಿಂತ 4 ಗಂಟೆ ಮುಂದೆ ಕಾರ್ಯದ ಗೆರೆಯನ್ನೂ ಸೇರಿಸಿದರು. ದೂರದ ಹೆರಿಗೆಮನೆಯಿಂದ ದೊಡ್ಡ ಆಸ್ಪತ್ರೆಗೆ ಯಾರನ್ನು, ಯಾವಾಗ ಕಳುಹಿಸಬೇಕೆಂಬುದನ್ನು ದಾದಿಯೇ ನಿರ್ಧರಿಸಲು ಇದು ನೆರವಾಯಿತು. ವಿಶ್ವ ಆರೋಗ್ಯ ಸಂಸ್ಥೆಯು ಆಗ್ನೇಯ ಏಷ್ಯದ 35,484 ಹೆಂಗಸರನ್ನು ಒಳಗೊಂಡು ನಡೆಸಿ 1994ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಇಂಥ ಚಿತ್ರದ ಬಳಕೆಯಿಂದ 18 ಗಂಟೆ ಮೀರಿದ ಬೇನೆಗಳು ಶೇಕಡ 6.4ರಿಂದ 3.4ಕ್ಕೆ ಇಳಿದುವು. ಗೆರೆಯು ಜೀವಗಳನ್ನು ಕಾಯಬಲ್ಲುದೆಂಬುದನ್ನು ಅಲ್ಲಗಳೆಯುವಂತಿಲ್ಲ.

ಆದರೂ ಗಂಟೆಗೆ 1 ಸೆಂಟಿಮೀಟರು ಎಂಬ ನಿಯಮಕ್ಕೆ ಎಲ್ಲ ದೇಹಗಳೂ ಒಳಪಡಲಿಲ್ಲ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಕ್ರಿಯಾವಸ್ಥೆಯ ಆರಂಭವನ್ನು 5 ಸೆಂಟಿಮೀಟರಿಗೆ ನಿಗದಿಪಡಿಸಿತು. ಸುಪ್ತಾವಸ್ಥೆಗೆ ಪ್ರಮಾಣಬದ್ಧವಾದ ಅವಧಿಯಿಲ್ಲವೆಂದು ಒಪ್ಪಿಕೊಂಡಿತು. ತಾಯಿಯೂ ಮಗುವೂ ಕ್ಷೇಮವಾಗಿದ್ದರೆ ನಿಧಾನವೊಂದೇ ಕಾರಣಕ್ಕೆ ಕೈಹಾಕಬಾರದೆಂದು ತಿಳಿಸಿತು. ಜೊತೆಯಲ್ಲಿ ಆಕೆಗೆ ಇಷ್ಟವಾದವರೊಬ್ಬರು ಇರಲೆಂದೂ, ಅವಳು ನಡೆದಾಡಲೆಂದೂ ಹೇಳಿತು.

ಈ ದೀರ್ಘ ಚರಿತ್ರೆಯಿಂದ ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂಬ ತೀರ್ಮಾನಕ್ಕೆ ಬರುವುದು ಸಾಧುವಲ್ಲ. ಆತ್ರೇಯನ ಕಾಯುವಿಕೆಗೆ ಅಪಾಯವನ್ನು ಅಳೆಯುವ ಸಾಧನವಿರಲಿಲ್ಲ. ಗಡುವಿನ ಪದ್ಧತಿಯು ಹರಡಿದ ಕಡೆ ಸಾಧನವಿದ್ದರೂ ತಾಳ್ಮೆ ಕೆಲವೊಮ್ಮೆ ಕುಗ್ಗಿತು. ಎರಡೂ ಕೂಡಿದಾಗ ಮಾತ್ರ ಮೊದಲ ಬಾರಿ ನೋವನ್ನು ಕಂಡ ಹೆಣ್ಣಿನ ಮಾತಿಗೆ ಬೆಲೆ ಬರುತ್ತದೆ. ಬೇನೆ ಎಂದು ಮೊದಲಾಯಿತೆಂಬುದನ್ನು ಮೊದಲು ಅರಿಯುವವಳು ಅವಳೇ ಆಗಿದ್ದಾಳೆ. ಗ್ರಂಥಗಳೂ ಗೆರೆಗಳೂ ಅವಳ ಸಾಕ್ಷ್ಯದ ಅನಂತರ ಬರತಕ್ಕವು. ಆ ಸಾಕ್ಷ್ಯವನ್ನು ಬರೆದಿಟ್ಟ ದಾಖಲೆಗಳು ನಮ್ಮಲ್ಲಿ ವಿರಳ. ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯ ಹೆಂಗಸರಿಂದ ಅವರ ಚೊಚ್ಚಲು ಹೆರಿಗೆಯ ಮೊದಲ ರಾತ್ರಿಯ ಸಂಗತಿಗಳನ್ನು ಕೇಳಿ ಬರೆದಿಟ್ಟರೆ, ಈ ಚರಿತ್ರೆಯ ದೊಡ್ಡದೊಂದು ಕೊರತೆಯು ನೀಗುವುದೆಂದು ನಾವು ನಂಬಿದ್ದೇವೆ.