ಬೆಕ್ಕಿನ ಮುದ್ದು, ಮುಂಗೈ ತುರಿಕೆ

ನಮ್ಮನೆ ಬೆಕ್ಕು ತೊಡೆ ಮೇಲೆ ಮಲಗಿ ಎದ್ದು ಹೋದ ಹತ್ತೇ ನಿಮಿಷಕ್ಕೆ ನನ್ನ ಮುಂಗೈ ತುಂಬಾ ಕೆಂಪು ದದ್ದು. ಕೆರೆದಷ್ಟೂ ತುರಿಕೆ ಜಾಸ್ತಿ. "ಅದರ ಕೂದಲು ಕಣೋ, ಮೊದಲು ಎಲ್ಲಾದ್ರೂ ಬಿಟ್ಟು ಬಾ" ಅಂತ ಅಮ್ಮ. ಮಗಳು ಬೆಕ್ಕನ್ನ ತಬ್ಬಿಕೊಂಡು ಮೂಲೆಯಲ್ಲಿ ಕೂತಿದ್ದಾಳೆ. ತೀರ್ಪು ಕೊಡೋ ಮೊದಲು ಸ್ವಲ್ಪ ಓದೋಣ ಅಂತ ಹೊರಟೆ...

'ಅಲರ್ಜಿ' ಅನ್ನೋ ಪದ ಹುಟ್ಟಿದ್ದೇ 1906ರಲ್ಲಿ. ವಿಯೆನ್ನಾದ ಮಕ್ಕಳ ಡಾಕ್ಟರು ಕ್ಲೆಮೆನ್ಸ್ ಫಾನ್ ಪಿರ್ಕೆ ಅದನ್ನು ಟಂಕಿಸಿದವರು. ಕುದುರೆಯ ಸೀರಮ್ ಚುಚ್ಚಿಸಿಕೊಂಡ ಮಕ್ಕಳಿಗೆ ಮೊದಲ ಸಲ ಕೆಲವು ದಿನ ಬಿಟ್ಟು ದದ್ದು ಬರುತ್ತಿತ್ತು, ಎರಡನೇ ಸಲ ಬೇಗನೇ ಬರುತ್ತಿತ್ತು. ಅಂದ್ರೆ ಮೈ ಹಳೇ ಪರಿಚಯ ಮರೆತಿಲ್ಲ!

ಆದರೆ ಆ ನೆನಪು ಇರೋದೆಲ್ಲಿ? ನನಗೆ ಬಹಳ ಹಿಡಿಸಿದ ಕಥೆ ಇದು. 1921, ಬ್ರೆಸ್ಲೌ ನಗರ (ಈಗ ಪೋಲೆಂಡಿನ ವ್ರೊಟ್ಸ್ವಾಫ್). ಹೈನ್ಜ್ ಕ್ಯುಸ್ಟ್ನರ್‌ಗೆ ಮೀನು ಆಗುತ್ತಿರಲಿಲ್ಲ. ಅವರ ಸಹೋದ್ಯೋಗಿ ಕಾರ್ಲ್ ಪ್ರೌಸ್ನಿಟ್ಜ್‌ಗೆ ಮೀನಿನ ತೊಂದರೆ ಇರಲಿಲ್ಲ. ಪ್ರೌಸ್ನಿಟ್ಜ್ ಕ್ಯುಸ್ಟ್ನರ್‌ನ ಸೀರಮ್ಮನ್ನು ತಮ್ಮದೇ ಚರ್ಮಕ್ಕೆ ಚುಚ್ಚಿಸಿಕೊಂಡರು. ಮಾರನೇ ದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದರೆ ಅಲ್ಲಿ ಗಂಧೆ ಎದ್ದಿತು. ಒಬ್ಬನ ತುರಿಕೆ ಇನ್ನೊಬ್ಬನಿಗೆ! ರಕ್ತದಲ್ಲೇ ಏನೋ ಇದೆ ಅಂತಾಯ್ತು. (ಇಂಥ ಪ್ರಯೋಗವನ್ನ ನೀವು ಮನೇಲಿ ಮಾಡಬೇಡಿ ಮಾರಾಯ್ರೇ.)

ಆ 'ಏನೋ' ಸಿಗೋಕೆ ಮತ್ತೆ 45 ವರ್ಷ ಬೇಕಾಯ್ತು. ಡೆನ್ವರ್‌ನಲ್ಲಿ ಇಶಿಝಾಕಾ ದಂಪತಿ 1966ರಲ್ಲಿ, ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನಿಚ್ 1967ರಲ್ಲಿ ಬೇರೆಬೇರೆಯಾಗಿ ಅದನ್ನ ಹಿಡಿದರು. 1968ರಲ್ಲಿ ಐಜಿಇ ಅಂತ ಹೆಸರಾಯ್ತು. ಇದು ಚರ್ಮದ ಮಾಸ್ಟ್ ಕೋಶಗಳ ಮೇಲೆ ಕಾದು ಕೂತಿರುತ್ತೆ. ಹಳೇ ಶತ್ರು ಬಂದ ಕೂಡಲೇ ಕೋಶ ಹಿಸ್ಟಮಿನ್ ಸುರಿಸುತ್ತೆ, ಆಗಲೇ ತುರಿಕೆ.

ಇನ್ನು ಬೆಕ್ಕಿನ ವಿಷಯ. 1970ರ ದಶಕದಲ್ಲಿ ಅಮೆರಿಕದ ಜಾನ್ ಓಮನ್ ಮತ್ತು ಸಂಗಡಿಗರು ಬೆಕ್ಕಿನ ಮುಖ್ಯ ಅಲರ್ಜಿಕಾರಕ ಪ್ರೋಟೀನನ್ನು ಬೇರ್ಪಡಿಸಿದರು. ಈಗ ಅದರ ಹೆಸರು ಫೆಲ್ ಡಿ 1. ಅಮ್ಮನ ಮಾತು ಅರ್ಧ ಮಾತ್ರ ಸರಿ: ತಪ್ಪು ಕೂದಲಿನದ್ದಲ್ಲ. ಅದು ಜೊಲ್ಲಿನಲ್ಲಿ ಮತ್ತು ಚರ್ಮದ ಎಣ್ಣೆಗ್ರಂಥಿಯಲ್ಲಿ ತಯಾರಾಗುತ್ತೆ. ಬೆಕ್ಕು ಮೈ ನೆಕ್ಕಿದಾಗ ಕೂದಲಿಗೆ ಹತ್ತುತ್ತೆ, ಒಣಗಿ ಗಾಳಿಗೆ ಸೇರುತ್ತೆ. ಬೆಕ್ಕೇ ಇಲ್ಲದ ಶಾಲೆಗಳಿಗೂ ಬಟ್ಟೆಗಂಟಿ ಹೋಗುತ್ತಂತೆ. ಹಿಡಾ ಮಾಡಿಸದ ಗಂಡು ಬೆಕ್ಕಿಗೆ ಇದು ಹೆಚ್ಚು. ನಮ್ಮದು ಅದೇ ಜಾತಿ!

ಬೆಕ್ಕನ್ನ ಕಳಿಸಿದರೂ ಮನೆಯಲ್ಲಿ ಇದು ಕರಗೋಕೆ ತಿಂಗಳುಗಟ್ಟಲೆ ಬೇಕು. ಅಂದ್ರೆ ಅಮ್ಮ ಹೇಳಿದ ಹಾಗೆ ಇವತ್ತೇ ಬಿಟ್ಟು ಬಂದರೂ ನಾಳೆ ತುರಿಕೆ ನಿಲ್ಲಲ್ಲ. ಈ ವಾದವನ್ನ ಮುಂದಿಟ್ಟೆ, ಅಮ್ಮ ನಂಬಲಿಲ್ಲ. ಸದ್ಯಕ್ಕೆ ಮಲಗೋ ಕೋಣೆಗೆ ಬೆಕ್ಕಿಗೆ ಪ್ರವೇಶ ಇಲ್ಲ, ಮುದ್ದು ಮಾಡಿದ ಮೇಲೆ ನನಗೆ ಕೈ ತೊಳೆಯೋ ಶಿಕ್ಷೆ. ಸೋಮವಾರ ಚರ್ಮ ಚುಚ್ಚಿ ನೋಡೋ ಪರೀಕ್ಷೆ ಇದೆ. ಮಗಳು ತಾನೂ ಬರ್ತೀನಿ ಅಂತಿದ್ದಾಳೆ, ಡಾಕ್ಟರ ಹತ್ರ ಬೆಕ್ಕಿನ ಪರ ಮಾತಾಡಬೇಕಂತೆ.