ಎರಡು ನುಡಿಯವರ ನಾಲ್ಕೂವರೆ ವರ್ಷ

ಅರವತ್ತಕ್ಕೆ ಅರಳುಮರಳು ಅಂತ ಹಿರಿಯರು ಹೇಳಿಬಿಟ್ಟಿದ್ದಾರೆ. ಹೈದರಾಬಾದಿನ ನಿಜಾಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ಜೊತೆಗಾರರು 648 ಮಂದಿ ಡಿಮೆನ್ಶಿಯಾ ರೋಗಿಗಳ ದಾಖಲೆಗಳನ್ನು ತೆರೆದು ನೋಡಿದಾಗ ಈ ಗಾದೆ ಅರ್ಧ ನಿಜವಾಯಿತು, ಅರ್ಧ ಸುಳ್ಳಾಯಿತು. ಒಂದೇ ಭಾಷೆ ಆಡುವವರಲ್ಲಿ ಕಾಯಿಲೆ ಶುರುವಾದ ಸರಾಸರಿ ವಯಸ್ಸು 61.1. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ 65.6. ಈ ಲೆಕ್ಕ 2013ರಲ್ಲಿ ‘ನ್ಯೂರಾಲಜಿ’ ಪತ್ರಿಕೆಯಲ್ಲಿ ಅಚ್ಚಾಯಿತು.

ಈ ಅಂಕಿ ಓದುವಾಗಲೆಲ್ಲ ನನಗೆ ನೆನಪಾಗುವುದು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡಿಗರು. ಮನೆಯೊಳಗೆ ತುಳುವೋ ಕೊಂಕಣಿಯೋ, ಸಂಘದ ಸಭೆಯಲ್ಲಿ ಕನ್ನಡ, ತರಕಾರಿಯವನ ಹತ್ತಿರ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ ಅಕ್ಷರ ಕಲಿತ ತಲೆಮಾರು ಮುಂಬಯಿಯದು. ಅವರಲ್ಲಿ ಎಷ್ಟೋ ಮಂದಿ ಬಾಡಿಗೆ ಕಡಿಮೆಯೆಂದು ಈ ಊರುಗಳಿಗೆ ಬಂದು ನೆಲೆಸಿದರು. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥನ ಹೆಸರಿನಲ್ಲಿ ಶಾಲೆ, ಕಾಲೇಜು ಕಟ್ಟಿತು. ಇಷ್ಟು ಭಾಷೆಗಳನ್ನು ಹೊತ್ತು ತಿರುಗುವುದು ತಲೆಗೆ ಭಾರವೋ ಆಸ್ತಿಯೋ ಎಂಬ ಪ್ರಶ್ನೆಗೆ ಒಂದು ಶತಮಾನದ ಇತಿಹಾಸವಿದೆ.

ಆ ಇತಿಹಾಸ ಶುರುವಾಗುವುದು ಭಾರ ಎನ್ನುವವರಿಂದ. 1923ರಲ್ಲಿ ಡಿ. ಜೆ. ಸೇರ್ ಎಂಬುವರು ವೇಲ್ಸ್ ನಾಡಿನ ಮಕ್ಕಳಿಗೆ ಬುದ್ಧಿಪರೀಕ್ಷೆ ಕೊಟ್ಟು, ಹಳ್ಳಿಗಾಡಿನಲ್ಲಿ ವೆಲ್ಷ್ ಮತ್ತು ಇಂಗ್ಲಿಷ್ ಎರಡೂ ಆಡುವ ಮಕ್ಕಳು ಹಿಂದುಳಿದಿದ್ದಾರೆ ಎಂದು ಬರೆದರು. ಪಟ್ಟಣದ ಮಕ್ಕಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ ಎಂಬುದೂ ಅದೇ ಬರಹದಲ್ಲಿತ್ತು, ಆದರೆ ಓದಿದವರಿಗೆ ಉಳಿದದ್ದು ಮೊದಲ ಮಾತು ಮಾತ್ರ. 1962ರಲ್ಲಿ ಮಾಂಟ್ರಿಯಲ್‌ನ ಪೀಲ್ ಮತ್ತು ಲ್ಯಾಂಬರ್ಟ್ ಮನೆಯ ಸ್ಥಿತಿಗತಿ ಸರಿಸಮ ಇರುವ ಹತ್ತು ವರ್ಷದ ಮಕ್ಕಳನ್ನು ಹೋಲಿಸಿದಾಗ ಫಲಿತಾಂಶ ತಿರುಗಿತು, ಎರಡು ಭಾಷೆಯವರೇ ಮುಂದಿದ್ದರು. ಮೊದಲಿನವರು ಅಳೆದದ್ದು ಬಹುಶಃ ಬಡತನವನ್ನು.

ಮುದುಕರ ಕಡೆಗೆ ಬಹಳ ಕಾಲ ಹೆಚ್ಚು ಮಂದಿ ತಿರುಗಿ ನೋಡಿರಲಿಲ್ಲ. 2007ರಲ್ಲಿ ಟೊರಾಂಟೋದಲ್ಲಿ ಎಲೆನ್ ಬಿಯಾಲಿಸ್ಟಾಕ್ ತಂಡ 184 ರೋಗಿಗಳ ದಾಖಲೆ ನೋಡಿ, ಎರಡು ಭಾಷೆಯವರಿಗೆ ಮರೆವಿನ ಕಾಯಿಲೆ ಸುಮಾರು ನಾಲ್ಕು ವರ್ಷ ತಡವಾಗಿ ಬಂದಿದೆ ಎಂದಿತು. ತಕರಾರು ತಕ್ಷಣ ಬಂತು. ಅಲ್ಲಿ ಎರಡು ಭಾಷೆಯವರಲ್ಲಿ ಹೆಚ್ಚಿನವರು ವಲಸೆ ಬಂದವರು. ಊರು ಬಿಟ್ಟು ಹೋಗುವವರು ಮೊದಲೇ ಗಟ್ಟಿ ಜೀವಗಳಿರಬಹುದಲ್ಲ?

ಹೈದರಾಬಾದಿನ ಬೆಲೆ ಇರುವುದು ಇಲ್ಲಿ. ಅಲ್ಲಿ ತೆಲುಗು, ದಖನಿ ಉರ್ದು, ಹಿಂದಿ, ಇಂಗ್ಲಿಷ್ ಆಡಲು ಯಾರೂ ದೇಶ ಬಿಡಬೇಕಿಲ್ಲ, ಮನೆಯಿಂದ ಬೀದಿಗೆ ಇಳಿದರೆ ಸಾಕು. ಓದಿದವರು ಎಂಬ ಕಾರಣವೂ ಪೂರ್ತಿ ನಿಲ್ಲಲಿಲ್ಲ. ಅಕ್ಷರವೇ ಬಾರದವರಲ್ಲಿ ಒಂದು ಭಾಷೆಯವರಿಗೆ 59ಕ್ಕೆ ಬಂದ ಕಾಯಿಲೆ ಎರಡು ಭಾಷೆಯವರಿಗೆ 65ಕ್ಕೆ ಬಂದಿತ್ತು. ಮೂರು, ನಾಲ್ಕು ಭಾಷೆ ಬಂದರೆ ಇನ್ನೂ ಲಾಭವೇ ಎಂದರೆ, ಹಾಗೇನೂ ಕಾಣಲಿಲ್ಲ. ಐದು ಭಾಷೆಯ ಡೊಂಬಿವಲಿಯವರು ಬೀಗಬೇಕಿಲ್ಲ.

ಇದನ್ನು ಔಷಧಿಯಂತೆ ಮಾರುವವರನ್ನು ಕಂಡರೆ ನನಗೆ ಕಸಿವಿಸಿ. ಈ ಲೆಕ್ಕಗಳೆಲ್ಲ ಆಸ್ಪತ್ರೆಗೆ ಬಂದವರದು, ಬಾರದವರದ್ದಲ್ಲ. ಆರೋಗ್ಯವಾಗಿದ್ದವರನ್ನೇ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಕೆಲವು ಅಧ್ಯಯನಗಳಲ್ಲಿ ಭಾಷೆಯ ಲಾಭ ಕಾಣಲಿಲ್ಲ. 2014ರಲ್ಲಿ ಪ್ರಕಟವಾದ, ನ್ಯೂಯಾರ್ಕಿನ ಸ್ಪ್ಯಾನಿಷ್ ಮಾತಾಡುವ ವಲಸಿಗರ ಅಧ್ಯಯನ ಅಂಥದೊಂದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವಿ ಮಂದವಾಗುವುದು, ಒಂಟಿತನ ಇವುಗಳ ಮೇಲಿನ ಪುರಾವೆ ಭಾಷೆಯ ಪುರಾವೆಗಿಂತ ಗಟ್ಟಿ. ಶ್ರವಣಯಂತ್ರ ಹಾಕಿಕೊಳ್ಳಲು ನಾಚುವ ಅಜ್ಜನಿಗೆ ಆರನೇ ಭಾಷೆ ಕಲಿಸುವುದು ಬೇಡ.

ಹಾಗಾದರೆ ಒಪ್ಪಬಹುದಾದ ಉತ್ತರ ಎಲ್ಲಿ ಸಿಕ್ಕೀತು? ನಮ್ಮಲ್ಲೇ, ಕೋಲಾರ ಜಿಲ್ಲೆಯಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ಸೇರಿಸಿಕೊಂಡು ಅವರ ನೆನಪು, ರಕ್ತ, ಮಿದುಳಿನ ಚಿತ್ರಗಳನ್ನು ವರ್ಷವರ್ಷ ನೋಡುವ ಕೆಲಸ ಹಿಡಿದಿದೆ. ಗುರಿ 10,000 ಮಂದಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ಸೀಮೆ ಅದು.

ಡೊಂಬಿವಲಿಯವರ ಪ್ರಶ್ನೆ ಇದಕ್ಕಿಂತ ಹತ್ತಿರದ್ದು: ಪರೀಕ್ಷೆ ಯಾವ ಭಾಷೆಯಲ್ಲಿ? ಜಗತ್ತೆಲ್ಲ ಬಳಸುವ ನೆನಪಿನ ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಅದರಲ್ಲಿ ಒಂದು ಇಂಗ್ಲಿಷ್ ಪದದ ಅಕ್ಷರಗಳನ್ನು ಹಿಂದಿನಿಂದ ಹೇಳಬೇಕು. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ ಅದನ್ನು ಹಿಂದಿಗೆ ಒಗ್ಗಿಸುವಾಗ ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿ ಎಂದು ಮಾಡಿದರು. ಆಮೇಲೆ ಐಸಿಎಂಆರ್ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಭಾಷೆಗಳಿಗೆ ಪರೀಕ್ಷೆಗಳ ಒಂದು ಗೊಂಚಲನ್ನೇ ಸಿದ್ಧಪಡಿಸಿತು. ಆ ಐದರಲ್ಲಿ ಮರಾಠಿ ಇರಲಿಲ್ಲ, ತುಳುವೂ ಇರಲಿಲ್ಲ.

ಡಿಮೆನ್ಶಿಯಾದಲ್ಲಿ ಹಲವರಿಗೆ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ. ನಲವತ್ತು ವರ್ಷ ಮರಾಠಿಯಲ್ಲಿ ವ್ಯಾಪಾರ ಮಾಡಿದ ಅಜ್ಜ ಕಲ್ಯಾಣದ ದವಾಖಾನೆಯಲ್ಲಿ ಡಾಕ್ಟರ ಮರಾಠಿ ಪ್ರಶ್ನೆಗೆ ಸುಮ್ಮನೆ ಕೂತರೆ, ಅದು ಕಾಯಿಲೆ ಎಷ್ಟು, ಭಾಷೆ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಜೊತೆಗೆ ಹೋದ ಮಗಳು ಒಂದು ಮಾತು ಹೇಳಬಹುದು: ಅಪ್ಪ ದುಡ್ಡು ಎಣಿಸುವುದು ಕನ್ನಡದಲ್ಲಿ, ಬೈಯುವುದು ತುಳುವಿನಲ್ಲಿ, ಆ ಭಾಷೆಯಲ್ಲಿ ಕೇಳಿ ನೋಡಿ.